ಆ ರಾತ್ರಿ ಅಕ್ಕನ ಪಾಳಿ

ಸಾವಿನಂಚಿನಲ್ಲಿದ್ದ ಮಗ ಆಸ್ಪತ್ರೆಯಿಂದ ಮನೆಗೆ ಬಂದು ಇವತ್ತಿಗೆ 40 ದಿನ. ಏನಾಯಿತು, ಹೇಗಾಯಿತು ಎಂಬುದು ನಿಮಗೆಲ್ಲ ಗೊತ್ತೇ ಉಂಟು. ರಕ್ತ ಕೊಟ್ಟವರು, ದುಡ್ಡು ಹೊಂದಿಸಿದವರು, ಮಗಳನ್ನು ಶಾಲೆಗೆ ಬಿಟ್ಟು ಕರೆತಂದ ನೆರೆಮನೆಯವರು, ಉಪವಾಸ ಪ್ರಾರ್ಥನೆ ಇಟ್ಟ ನಮ್ಮ ಚರ್ಚಿನ ಸಭೆಯವರು, ಎಲ್ಲರಿಗೂ ನಾವಿಬ್ಬರೂ ಕೈಮುಗಿಯುತ್ತೇವೆ.

ಅಕ್ಕನ ಬಗ್ಗೆ ಮಾತ್ರ ಒಂದು ಸಾಲಿನಲ್ಲಿ ಮುಗಿಸಲಾರೆ. ಹೆಸರು ಹಾಕಬೇಡ ಎಂದಿದ್ದಾರೆ. ಸಭೆಯ ಹೆಂಗಸರ ಬಳಗವಾದ ಸ್ತ್ರೀ ಅನ್ಯೋನ್ಯ ಕೂಟದವರಿಗೆ ಹೆಸರು ಬೇಕಾಗಿಯೂ ಇಲ್ಲ.

ಎರಡನೆಯ ರಾತ್ರಿ ಡಾಕ್ಟರು, "ಬೆಳಗಿನವರೆಗೆ ಏನೂ ಹೇಳಲಿಕ್ಕಾಗುವುದಿಲ್ಲ" ಎಂದು ಒಳಗೆ ಹೋದರು. ನನ್ನ ಗಂಡ ಔಷಧಿಗೆ ಓಡಿದ್ದರು. ಹೊರಗೆ ಬಿಡದ ಮಳೆ. ಅಕ್ಕ ಫ್ಲಾಸ್ಕಿನಲ್ಲಿ ಗಂಜಿ ತಂದು ಪಕ್ಕದ ಕುರ್ಚಿಯಲ್ಲಿ ಕೂತರು. "ನನಗೆ ಪ್ರಾರ್ಥನೆ ಬರುತ್ತಿಲ್ಲ" ಎಂದೆ. ನರ್ಸ್ ಆಗಿ ನಿವೃತ್ತರಾದವರು ಅವರು. "ಆಯ್ತು ಮಗಾ, ಇವತ್ತು ನನ್ನ ಪಾಳಿ. ನೀನು ಗಂಜಿ ಕುಡಿ" ಎಂದರು.

ನನ್ನ ಮುತ್ತಜ್ಜ ಮಂಗಳೂರಿನ ಜೆಪ್ಪುವಿನಲ್ಲಿ, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆ 1865ರಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ನಂಬಿಕೆಯೂ ನನಗೆ ಮನೆಯ ಹಂಚಿನ ಹಾಗೆಯೇ ಬಂದದ್ದು. ತಲೆಯ ಮೇಲೆ ಇತ್ತು, ಕತ್ತೆತ್ತಿ ನೋಡಿದವಳಲ್ಲ. ಆ ರಾತ್ರಿ ಸೋರತೊಡಗಿತು. "ಎಲ್ಲಾ ದೇವರ ಚಿತ್ತ" ಎಂದವರ ಫೋನನ್ನು ಅರ್ಧಕ್ಕೇ ಇಟ್ಟಿದ್ದೆ, ಕ್ಷಮಿಸಿ. ಅಕ್ಕನ ಎದುರೇ ದೇವರನ್ನು ಬೈದೆ. ಅವರು ನನ್ನ ಬಾಯಿ ಮುಚ್ಚಿಸಲಿಲ್ಲ. ದೊಡ್ಡ ಅಕ್ಷರದ ಸತ್ಯವೇದ (ಬೈಬಲ್) ತೆಗೆದು 88ನೆಯ ಕೀರ್ತನೆ ಓದಿದರು. ಗೋಳಾಟದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತೋತ್ರದ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ. "ಇದೂ ಇದರಲ್ಲೇ ಉಂಟು ನೋಡು" ಎಂದರು, ಅಷ್ಟೇ.

ಆಮೇಲೆ ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯ. ಕಾಯಿಲೆಯ ಮಗನನ್ನು ಯೇಸುವಿನ ಬಳಿಗೆ ತಂದ ಆ ತಂದೆ, ನಿನ್ನ ಕೈಲಾದರೆ ಸಹಾಯ ಮಾಡು ಎನ್ನುತ್ತಾನೆ. ಮರುಗಳಿಗೆಯಲ್ಲಿ, ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು ಎಂದು ಕೂಗುತ್ತಾನೆ. ನಂಬಿಕೆ ಪೂರ್ತಿಯಾದ ಮೇಲೆ ಬಾ ಎಂದು ಯೇಸು ಅವನನ್ನು ಹಿಂದೆ ಕಳಿಸಲಿಲ್ಲ. ಎಷ್ಟು ಸಲ ಕೇಳಿದ್ದೇನೋ ಈ ಭಾಗವನ್ನು! ಅಂದು ಆ ಮಾತು ನನ್ನ ಬಾಯಿಂದಲೇ ಹೊರಟಿತು. ಅಕ್ಕ ಆರಾಧನೆಯಲ್ಲಿ ಕನ್ನಡದಲ್ಲೇ ಪ್ರಾರ್ಥಿಸುವವರು, ಆಗ ತುಳುವಿನಲ್ಲಿ ಶುರುಮಾಡಿದರು. ಬೆಳಕು ಹರಿಯುವವರೆಗೆ ನನ್ನ ಕೈ ಬಿಡಲಿಲ್ಲ.

ಮಗ ಉಳಿಯುತ್ತಾನೆಂದು ಆಗ ನಮಗೆ ಗೊತ್ತಿರಲಿಲ್ಲ. ಅದೇ ವಾರ್ಡಿನಿಂದ ಒಬ್ಬ ತಾಯಿ ಬರಿಗೈಯಲ್ಲಿ ಮನೆಗೆ ಹೋದಳು. ಅವಳೇನು ನನಗಿಂತ ಕಡಿಮೆ ಬೇಡಿಕೊಂಡಿದ್ದಳೇ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಈಗಲೂ ರಾತ್ರಿ ಎಚ್ಚರವಾದರೆ ಮೊದಲು ಅವಳ ಮುಖ ಬರುತ್ತದೆ. ಅವಳಿಗಾಗಿ ಪ್ರಾರ್ಥಿಸುತ್ತೇನೆ, ಆಮೇಲೆ ಮಗನ ಉಸಿರು ಕೇಳುತ್ತಾ ಮಲಗುತ್ತೇನೆ. ಮೊದಲಾದರೆ ಉತ್ತರ ಸಿಗದೆ ನಿದ್ದೆ ಬರುತ್ತಿರಲಿಲ್ಲ. ಈಗ ಪ್ರಶ್ನೆಯನ್ನೂ ದೇವರ ಕೈಯಲ್ಲೇ ಇಟ್ಟು ಕಣ್ಣು ಮುಚ್ಚುತ್ತೇನೆ.

ಈ ಭಾನುವಾರ ಆರಾಧನೆಯಲ್ಲಿ ಸ್ತೋತ್ರ ಕಾಣಿಕೆ ಸಲ್ಲಿಸುತ್ತೇವೆ. ಮಗನೂ ಬರುತ್ತಾನೆ. ಎತ್ತಿಕೊಳ್ಳುವವರು ದಯವಿಟ್ಟು ಕೈ ತೊಳೆದುಕೊಂಡು ಬನ್ನಿ. ಮೊದಲ ಪಾಳಿ ಅಕ್ಕನದು.