ಸೆಮಿನರಿಗೆ ಹೊರಟ ದೋಸ್ತನಿಗೆ

ಲೇ ದೋಸ್ತ,

'ಪಾದ್ರಿಯಾಗೋಕೆ ದೇವರು ಕರೀತಿದಾನೆ ಅನ್ನಿಸ್ತಿದೆ, ಏನ್ ಮಾಡ್ಲಿ' ಅಂತ ನಡುರಾತ್ರಿ ವಾಟ್ಸಾಪ್ ಮಾಡೋನು ನೀನೊಬ್ಬನೇ. ಉತ್ತರ ಎಲ್ಲರೆದುರಿಗೇ ಬರೀತಿದೀನಿ, ದಾವಣಗೆರೆಯ ಬೇರೆ ಹುಡುಗರೂ ಇದನ್ನೇ ಕೇಳ್ತಾರೆ. ಹಾರ್ಮೋನಿಯಂ ವಿಷಯ ಬಾಯಿ ಬಿಡಲ್ಲ, ಹೆದರಬೇಡ.

ನಮ್ಮ ಸಿಎಸ್‌ಐನಲ್ಲಿ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿ, ಕರೆ ಬಂದದ್ದು ನಿನಗಾದರೂ ಅದನ್ನ ಒಪ್ಪಬೇಕಾದ್ದು ಸಭೆ, ಅಂದ್ರೆ ಊರಿನ ಚರ್ಚಿನವರು. ಅಯ್ಯನವರ (ಸಭೆಯ ಪಾದ್ರಿಗಳ) ಶಿಫಾರಸು, ಪಾಸ್ಟರೇಟ್ ಕಮಿಟಿ (ಸಭೆಯ ಆಡಳಿತ ಮಂಡಳಿ) ಒಪ್ಪಿಗೆ, ಡಯಾಸಿಸ್ (ಬಿಷಪ್ಪರ ಪ್ರಾಂತ್ಯ) ಸಂದರ್ಶನ, ಆಮೇಲೆ ಸೆಮಿನರಿ, ಅಂದ್ರೆ ಪಾದ್ರಿಗಳ ಕಾಲೇಜು. ಹುಡುಗರು ಎಡವೋದು ದೇವಶಾಸ್ತ್ರದಲ್ಲಲ್ಲ, ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಸರ್ಟಿಫಿಕೇಟಿನಲ್ಲಿ. ಸಭೆಯ ರಿಜಿಸ್ಟರಿನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು. ಈಗಲೇ ಅಫಿಡವಿಟ್ ಮಾಡಿಸಿಟ್ಕೊ.

ಕನ್ನಡದಲ್ಲೇ ಓದ್ಬೇಕಂದ್ರೆ ಮಂಗಳೂರಿನ ಬಲ್ಮಠ, 1965ರಲ್ಲಿ ಶುರುವಾದ ಕರ್ನಾಟಕ ಥಿಯಲಾಜಿಕಲ್ ಕಾಲೇಜು. ಇಂಗ್ಲಿಷಾದ್ರೆ ಬೆಂಗಳೂರಿನ ಯುಟಿಸಿ (ಯುನೈಟೆಡ್ ಥಿಯಲಾಜಿಕಲ್ ಕಾಲೇಜು), ಅದು 1910ರದ್ದು. ಎರಡೂ ಕಡೆ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿ ಕೊಡೋದು ಪಶ್ಚಿಮ ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. ಡೆನ್ಮಾರ್ಕ್ ರಾಜ 1827ರಲ್ಲಿ ಆ ಕಾಲೇಜಿಗೆ ಕೊಟ್ಟ ಸನ್ನದಿನ ಬಲದ ಮೇಲೆ ನಮ್ಮೂರ ಹುಡುಗ ಪದವೀಧರ ಆಗ್ತಾನೆ, ನೋಡಪ.

ಹೀಬ್ರೂಗೆ ಹೆದರಬೇಡ. ಇಪ್ಪತ್ತೆರಡೇ ಅಕ್ಷರ, ಬಲದಿಂದ ಎಡಕ್ಕೆ. ಸ್ವರಗಳು ಅಕ್ಷರದ ಕೆಳಗೆ, ಮೇಲೆ ಚುಕ್ಕಿ-ಗೆರೆಗಳಾಗಿ ಕೂರ್ತವೆ. ಕಾಗುಣಿತ ಕಲಿತೋನಿಗೆ ಅದೇನು ಹೊಸದಲ್ಲ. ಕಷ್ಟ ಇರೋದು ಕ್ರಿಯಾಪದದಲ್ಲಿ. ಮೂರಕ್ಷರದ ಧಾತುವಿಗೆ ಹಿಂದೆ ಮುಂದೆ ಏನೇನೋ ಅಂಟಿ, ಕೆಲವೊಮ್ಮೆ ಧಾತುವಿನದೇ ಒಂದಕ್ಷರ ಮಾಯವಾಗಿರುತ್ತೆ. ಆಗ ನಿಘಂಟಿನಲ್ಲಿ ಎಲ್ಲಿ ಹುಡುಕ್ತೀಯ? ದಿನಾ ಹತ್ತು ಪದ ಬಾಯಿಪಾಠ ಮಾಡು, ಪರೀಕ್ಷೆ ಹಿಂದಿನ ರಾತ್ರಿ ಕೂತರೆ ಇದು ಬಗ್ಗಲ್ಲ.

ಪ್ರಸಂಗಕ್ಕೆ, ಅಂದ್ರೆ ಆರಾಧನೆಯ ಬೋಧನೆಗೆ, ಫುಲ್‌ಸ್ಕೇಪ್ ಹಾಳೆ ಆರು ಸಾಕು. ಅದು ದಾಟಿದ್ರೆ ಹಿಂದಿನ ಬೆಂಚಿನವರು ವಾಚ್ ನೋಡ್ತಾರೆ, ಮುಂದಿನ ಬೆಂಚಿನ ಹಿರಿಯರು ಕಣ್ಣು ಮುಚ್ಚಿ 'ಧ್ಯಾನ' ಮಾಡ್ತಾರೆ. ವಾಕ್ಯಭಾಗದ ತಾತ್ಪರ್ಯವನ್ನ ಒಂದೇ ಸಾಲಲ್ಲಿ ಬರೆಯೋಕೆ ಆಗೋವರೆಗೂ ಉದಾಹರಣೆ ಹುಡುಕೋಕೆ ಹೋಗ್ಬೇಡ.

ಇನ್ನೊಂದು ಮಾತು. ಬೈಬಲ್ಲಿನ 23ನೇ ಕೀರ್ತನೆ ತೆಗೆದು ನೋಡು. ಮೊದಲ ಮೂರು ವಚನದಲ್ಲಿ ದೇವರು 'ಆತನು'. ನಾಲ್ಕನೆಯದರಲ್ಲಿ ಕತ್ತಲ ಕಣಿವೆ ಬಂದ ತಕ್ಷಣ 'ನೀನು' ಆಗ್ತಾನೆ. ಇದನ್ನ ನಾನು ಕಲಿತದ್ದು ತರಗತಿಯಲ್ಲಿ, ಮಾರ್ಜಿನ್ನಿನಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು. ಈಗ ಆಸ್ಪತ್ರೆಯ ಮಂಚದ ಪಕ್ಕ ನಿಂತು ಅದೇ ವಚನ ಓದುವಾಗ ಮಲಗಿದ್ದೋರು ಅಳ್ತಾರೆ. ನನ್ನ ತಲೆಯಲ್ಲಿ 'ಇಲ್ಲಿ ವ್ಯಾಕರಣದ ಪುರುಷ ಬದಲಾಗಿದೆ' ಅನ್ನೋ ಟಿಪ್ಪಣಿ ಓಡ್ತಿರುತ್ತೆ. ಅವರ ಬಾಯಲ್ಲಿ ಆ 'ನೀನು' ಪ್ರಾರ್ಥನೆ. ನನ್ನ ಬಾಯಲ್ಲಿ ಏನು ಅಂತ ಇತ್ತೀಚೆಗೆ ಕೇಳ್ಕೊಳ್ಳೋಕೂ ಧೈರ್ಯ ಸಾಲ್ತಿಲ್ಲ. ನನಗಾಗಿ ಅಂತ, ಪ್ರಸಂಗಕ್ಕಲ್ಲದೆ, ಬೈಬಲ್ ತೆರೆದು ಬಹಳ ದಿನ ಆಯ್ತು ಕಣೋ. ಇದನ್ನ ಸೆಮಿನರಿಯಲ್ಲಿ ಯಾರೂ ಹೇಳ್ಕೊಡಲ್ಲ, ಅಯ್ಯನವರ ಮನೆಗೆ ಬಂದು ಯಾರೂ ಕೇಳೋದೂ ಇಲ್ಲ.

ಸರಿ ಬಿಡು, ಇಷ್ಟು ಬರೆಯೋ ಉದ್ದೇಶ ಇರಲಿಲ್ಲ. ನಮ್ಮ ಕಾರ್ಯದರ್ಶಿಗಳು ಓದಿದ್ರೆ ಮುಂದಿನ ಕಮಿಟಿ ಮೀಟಿಂಗಿಗೆ ನಾನೇ ಅಜೆಂಡಾ.

ಓದು ಮುಗಿದ್ರೂ ಮೊದಲು ಡೀಕನ್ (ಸಹಾಯಕ ಪಾದ್ರಿ), ಆಮೇಲೇ ಪ್ರೆಸ್ಬಿಟರ್ (ಪೂರ್ತಿ ಪಾದ್ರಿ). ಡೀಕನ್ ಆಗಿರೋವರೆಗೂ ಕರ್ತನ ಭೋಜನ (ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರ) ನೀನೇ ನಡೆಸೋ ಹಾಗಿಲ್ಲ, ಕುರ್ಚಿ ಜೋಡಿಸಬಹುದು. ಭಾನುವಾರ ಆರಾಧನೆ ಮುಗಿಸ್ಕೊಂಡು ಬಾ, ಬೆಣ್ಣೆದೋಸೆ ತಿಂತಾ ಹೀಬ್ರೂ ಅಕ್ಷರ ಶುರು ಮಾಡೋಣ. ಬಿಲ್ ನಿಂದು. ನನ್ನ ಸಂಬಳ ನಿನಗೆ ಗೊತ್ತಲ್ಲ.

ನಿನ್ನ,
ಹಿಂದಿನ ಬೆಂಚಿನ ಅಯ್ಯನವರು