ಕ್ಲಸ್ಟರ್ ಒಡೆಯುವುದು ಬಿಸಿಯಿಂದ

ಮಾನ್ಯರೇ,

ನಿಮ್ಮ ವಿಜ್ಞಾನ ಪುಟದಲ್ಲಿ ‘ಲೇಸರ್ ಕಿರಣ ಲೋಹದ ಕ್ಲಸ್ಟರ್ ಅಯಾನಿನ ಬಂಧವನ್ನು ಕತ್ತರಿಸುತ್ತದೆ, ಫೋಟಾನಿನ ಶಕ್ತಿಯೇ ಬಂಧದ ಶಕ್ತಿ’ ಎಂದು ಅಚ್ಚಾಗಿದೆ. (ಕ್ಲಸ್ಟರ್ ಅಯಾನು ಎಂದರೆ ಆವೇಶ ಹೊತ್ತ, ಕೆಲವೇ ಪರಮಾಣುಗಳ ಪುಟ್ಟ ಗೊಂಚಲು; ಫೋಟಾನ್ ಎಂದರೆ ಬೆಳಕಿನ ಕಣ.) ಮೈಸೂರು, ಮಂಡ್ಯದ ಎಂ.ಎಸ್ಸಿ. ವಿದ್ಯಾರ್ಥಿಗಳು ಇಂಥ ಬರಹಗಳನ್ನು ಸೆಮಿನಾರಿಗೆ ಇಟ್ಟುಕೊಳ್ಳುವುದರಿಂದ ಇದನ್ನು ತಿದ್ದಲೇಬೇಕು.

ಹತ್ತು ಬೆಳ್ಳಿ ಪರಮಾಣುಗಳ, ಒಂದು ಧನ ಆವೇಶದ ಕ್ಲಸ್ಟರನ್ನೇ ನೋಡಿ. 355 ನ್ಯಾನೊಮೀಟರಿನ ಫೋಟಾನ್ ಅದಕ್ಕೆ 3.5 ಎಲೆಕ್ಟ್ರಾನ್ ವೋಲ್ಟ್ ಕೊಡುತ್ತದೆ. ಆ ಶಕ್ತಿ ಸಾಮಾನ್ಯವಾಗಿ ಒಂದೇ ಬಂಧದಲ್ಲಿ ನಿಲ್ಲದೆ, ಕ್ಷಣಾರ್ಧಕ್ಕಿಂತ ಬಹಳ ಬೇಗ 24 ಕಂಪನ ವಿಧಗಳಿಗೆ ಹಂಚಿಹೋಗಿ ಕ್ಲಸ್ಟರನ್ನು ಬಿಸಿ ಮಾಡುತ್ತದೆ. ಮುಂದೆಂದೋ ಒಂದು ಕಡೆ ಸಾಕಷ್ಟು ಶಕ್ತಿ ಕೂಡಿಬಂದಾಗ, ಬಿಸಿ ಹನಿಯಿಂದ ಆವಿ ಏಳುವಂತೆ ಒಂದು ಪರಮಾಣು ಹೊರಡುತ್ತದೆ. ಉಳಿದ ಒಂಬತ್ತು ಪರಮಾಣುಗಳ ಅಯಾನಿನಲ್ಲಿ 8 ವೇಲೆನ್ಸ್ (ಬಂಧದಲ್ಲಿ ಪಾಲ್ಗೊಳ್ಳುವ) ಎಲೆಕ್ಟ್ರಾನ್, ಅಂದರೆ ತುಂಬಿದ ಕವಚ, ಅದು ಗಟ್ಟಿ. ಐದು ಪರಮಾಣುಗಳ ಅಯಾನಾದರೆ ಜೋಡಿ ಪರಮಾಣುವನ್ನೇ ಬಿಟ್ಟು ಮೂರರದ್ದಾಗುತ್ತದೆ. ಎರಡು ಆವೇಶಗಳಿದ್ದರೆ ಕಥೆಯೇ ಬೇರೆ: ವಿಕರ್ಷಣೆಯಿಂದ ಅದು ಎರಡು ಅಯಾನುಗಳಾಗಿ ಸೀಳಬಹುದು.

ಒಡೆಯಲು ಸಮಯ ಬೇಕಾಗುವುದರಿಂದಲೇ ಅಳತೆ ಕಷ್ಟ. ಅಯಾನುಗಳನ್ನು ದ್ರವ್ಯರಾಶಿಯ ಪ್ರಕಾರ ಬೇರ್ಪಡಿಸುವ ಉಪಕರಣ ನೋಡುವುದು ಕೆಲವು ಮೈಕ್ರೊಸೆಕೆಂಡುಗಳನ್ನಷ್ಟೇ. ಬಂಧ ಬಿಡಿಸಲು ಸಾಕಾಗುವಷ್ಟು ಶಕ್ತಿಯಿದ್ದರೂ ಆ ಅವಧಿಯಲ್ಲಿ ತುಣುಕು ಕಾಣದಿರಬಹುದು. ಹಾಗಾಗಿ ತುಣುಕು ಮೊದಲು ಕಾಣಿಸಿದ ಫೋಟಾನ್ ಶಕ್ತಿಯನ್ನೇ ಬಂಧದ ಶಕ್ತಿ ಎಂದರೆ ಅಂಕಿ ಹೆಚ್ಚಾಗುತ್ತದೆ. ಎರಡು ಫೋಟಾನ್ ಹೀರಿಕೊಂಡಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ಲೇಸರ್ ಪಲ್ಸಿನ ಶಕ್ತಿಯನ್ನು ಕಡಿಮೆಯಿಂದ ಏರಿಸುತ್ತಾ ತುಣುಕಿನ ಪ್ರಮಾಣವನ್ನು ಲಾಗ್–ಲಾಗ್ ಹಾಳೆಯಲ್ಲಿ ಗುರುತಿಸಬೇಕು: ಇಳಿಜಾರು 1 ಇದ್ದರೆ ಒಂದು ಫೋಟಾನ್, 2 ಇದ್ದರೆ ಎರಡು. ಹೆಚ್ಚು ಶಕ್ತಿಯಲ್ಲಿ ಗೆರೆ ಬಾಗುತ್ತದೆ, ಆ ಭಾಗವನ್ನು ನಂಬಬಾರದು.

ಸಮಯ ಹೊಂದಿಸುವುದರಲ್ಲೇ ಹೆಚ್ಚಿನವರು ಎಡವುವುದು. 1000 ವೋಲ್ಟಿನಲ್ಲಿ ವೇಗ ಪಡೆದ ಹತ್ತು ಪರಮಾಣುಗಳ ಅಯಾನು ಒಂದು ಮೈಕ್ರೊಸೆಕೆಂಡಿಗೆ ಸುಮಾರು 13 ಮಿಲಿಮೀಟರ್ ಸಾಗುತ್ತದೆ. ಲೇಸರ್ ಅಷ್ಟು ತಡವಾದರೆ ಅಯಾನುಗಳ ಗುಂಪು ಅದರ ಜಾಗವನ್ನು ದಾಟಿಹೋಗಿರುತ್ತದೆ. ಬೆಳ್ಳಿಗೆ 107 ಮತ್ತು 109ರ ಐಸೊಟೋಪುಗಳು ಹೆಚ್ಚುಕಡಿಮೆ ಸಮನಾಗಿರುವುದರಿಂದ ಹತ್ತರ ಕ್ಲಸ್ಟರಿನ ದ್ರವ್ಯರಾಶಿ 1070ರಿಂದ 1090ರವರೆಗೆ ಹರಡಿರುತ್ತದೆ. ದ್ರವ್ಯರಾಶಿ ಆಯ್ಕೆಯ ಗೇಟನ್ನು, ಅಂದರೆ ಬೇಕಾದ ಅಯಾನುಗಳನ್ನಷ್ಟೇ ಬಿಡುವ ದ್ವಾರವನ್ನು, ಅದಕ್ಕೆ ತಕ್ಕಂತೆ ತೆರೆಯಬೇಕು. ಕ್ಲಸ್ಟರ್ ಹುಟ್ಟಿಸುವ ಬೆಳ್ಳಿ ಕಂಬಿಯನ್ನು ತಿರುಗಿಸುತ್ತಾ ಸರಿಸದಿದ್ದರೆ ಒಂದೇ ಕಡೆ ಗುಂಡಿ ಬಿದ್ದು ಸಂಕೇತ ಏರುಪೇರಾಗುತ್ತದೆ. ಲೇಸರ್ ಮುಚ್ಚಿದಾಗಲೂ ಬಿಸಿ ಕ್ಲಸ್ಟರುಗಳು ತಾವಾಗಿ ಒಡೆಯುತ್ತವೆ. ಆಗ ಸಿಗುವ ತುಣುಕುಗಳ ರೋಹಿತವನ್ನು ಕಳೆಯದೆ ಬರೆದ ಅಂಕಿಗೆ ಬೆಲೆಯಿಲ್ಲ.

ಬಂಧದ ಶಕ್ತಿಯನ್ನು ಪ್ರಕಟಿಸುವಾಗ ಎಷ್ಟು ಫೋಟಾನ್, ಎಷ್ಟು ಹೊತ್ತಿನ ವೀಕ್ಷಣೆ ಎಂಬುದನ್ನೂ ಜೊತೆಗೆ ಅಚ್ಚು ಮಾಡಬೇಕೆಂದು ಕೋರುತ್ತೇವೆ.

– ಭೌತವಿಜ್ಞಾನ ಅಧ್ಯಾಪಕರು, ಮೈಸೂರು