ಅಮ್ಮನ ಕಣ್ಣಿನೊಳಗಿನ ಗುಳ್ಳೆಯನ್ನು ಪತ್ತೆ ಹಚ್ಚಿದವರಿಗೆ

ನಮ್ಮ ತಾಯಿಯವರ ಎಡಗಣ್ಣಿನ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿದು, ಅವರೀಗ ಪಂಚಾಂಗದ ದಪ್ಪಕ್ಷರಗಳನ್ನು ಓದುವಷ್ಟು ಚೇತರಿಸಿಕೊಂಡಿದ್ದಾರೆ. ನೆರವಾದ ಎಲ್ಲರಿಗೂ, ಅದರಲ್ಲೂ ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡಿದ ಕಿರಿಯ ವೈದ್ಯೆಗೆ, ನಮ್ಮ ಮನೆಯವರೆಲ್ಲರ ಪರವಾಗಿ ಹೃತ್ಪೂರ್ವಕ ಕೃತಜ್ಞತೆಗಳು.

ದಟ್ಟವಾದ ಪೊರೆ ಬಂದಿದ್ದರಿಂದ ವೈದ್ಯರು ಬೆಳಕು ಬಿಟ್ಟು ನೋಡಿದರೂ ಕಣ್ಣಿನ ಹಿಂಭಾಗ ಕಾಣುತ್ತಿರಲಿಲ್ಲ. ಬೆಳಕಿಗೆ ಅಡ್ಡವಾಗುವ ಪೊರೆಯನ್ನು ಶಬ್ದದ ಅಲೆಗಳು ದಾಟಿ ಹೋಗುವುದರಿಂದ ಅಲ್ಟ್ರಾಸೌಂಡ್ ಮಾಡಿಸಲು ಹೇಳಿದರು. ಆ ವೈದ್ಯೆ ಮುಚ್ಚಿದ ರೆಪ್ಪೆಗೆ ಜೆಲ್ ಹಚ್ಚಿ, ಅದರ ಮೇಲೆ ಪ್ರೋಬ್ ಇಟ್ಟು, "ಅಮ್ಮಾ, ಮೇಲೆ ನೋಡಿ, ಈಗ ಕೆಳಗೆ" ಎನ್ನುತ್ತಾ ಮೂಲೆಮೂಲೆಯನ್ನೂ ಪರೀಕ್ಷಿಸಿದರು. ಪರದೆಯಲ್ಲಿ ತೆಳುಗೋಡೆಯ ದುಂಡನೆಯ ಗುಳ್ಳೆಯೊಂದು ಕಂಡಿತು. ಅದರೊಳಗೆ, ಒಂದು ಬದಿಗೆ, ಹೊಳೆಯುವ ಬಿಳಿ ಚುಕ್ಕೆಯಿತ್ತು. ಅಷ್ಟಕ್ಕೇ ವರದಿ ಬರೆದು ಕಳುಹಿಸಬಹುದಿತ್ತು. ಅವರು ಹಾಗೆ ಮಾಡದೆ, "ಈಗ ಕಣ್ಣು ಅಲ್ಲಾಡಿಸದೆ ಹಾಗೇ ಇರಿ" ಎಂದು ಪ್ರೋಬ್ ಹಿಡಿದುಕೊಂಡೇ ಕಾದರು. ಕಣ್ಣು ಸ್ಥಿರವಾಗಿದ್ದರೂ ಗುಳ್ಳೆಯ ಗೋಡೆ ತಾನಾಗಿಯೇ ಅಲೆಯಾಡಿತು. ಅದು ಲಾಡಿಹುಳುವಿನ ಮರಿಯೆಂದೂ, ಬಿಳಿ ಚುಕ್ಕೆ ಅದರ ತಲೆಯೆಂದೂ, ಮರಿ ಇನ್ನೂ ಜೀವಂತವಾಗಿದೆಯೆಂದೂ ಖಚಿತವಾದದ್ದು ಆ ಕಾಯುವಿಕೆಯಿಂದ. ಕಾಯಿಲೆಯ ಹೆಸರು ಸಿಸ್ಟಿಸರ್ಕೋಸಿಸ್.

ಹಂದಿಮಾಂಸ ಮುಟ್ಟದ ಮನೆಯವರಿಗೆ ಇದು ಹೇಗೆ ಬಂತು ಎಂದು ಕೇಳದ ನೆಂಟರಿಲ್ಲ. ಸರಿಯಾಗಿ ಬೇಯದ ಮಾಂಸದಿಂದ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಕಣ್ಣು, ಮಿದುಳು ಸೇರುವ ಮರಿಗಳಾದರೋ ಆ ಹುಳುವಿನ ಮೊಟ್ಟೆಯಿಂದ ಬರುತ್ತವೆ, ಮೊಟ್ಟೆಗಳು ಕಲುಷಿತ ನೀರಿನಲ್ಲಿ, ತೊಳೆಯದ ಸೊಪ್ಪು ತರಕಾರಿಯಲ್ಲಿ ಯಾರ ಹೊಟ್ಟೆಗಾದರೂ ಹೋಗಬಹುದು ಎಂದು ಶಸ್ತ್ರಚಿಕಿತ್ಸಕರು ತಾಳ್ಮೆಯಿಂದ ವಿವರಿಸಿದರು. ಹುಳು ಸಾಯಿಸುವ ಆಲ್ಬೆಂಡಜೋಲ್ ಮಾತ್ರೆ ಸಾಲದೇ ಎಂದು ನಮ್ಮ ಸೋದರಮಾವ ಕೇಳಿದ್ದಕ್ಕೆ, ಮರಿ ಕಣ್ಣೊಳಗೇ ಸತ್ತರೆ ಉಂಟಾಗುವ ತೀವ್ರ ಉರಿಯೂತದಿಂದ ದೃಷ್ಟಿಯೇ ಹೋಗಬಹುದೆಂದು ಎಚ್ಚರಿಸಿದವರೂ ಅವರೇ. ಮಿದುಳಿನ ಎಂಆರ್‌ಐ ಮಾಡಿಸಿ, ಅಲ್ಲಿ ಗುಳ್ಳೆಗಳಿಲ್ಲವೆಂದು ತಿಳಿದ ಮೇಲೆ, ಪೊರೆಯನ್ನು ತೆಗೆದು, ವಿಟ್ರೆಕ್ಟಮಿಯ (ಕಣ್ಣೊಳಗಿನ ಲೋಳೆಯಂಥ ದ್ರವವನ್ನು ತೆಗೆಯುವ ಶಸ್ತ್ರಚಿಕಿತ್ಸೆಯ) ಮೂಲಕ ಗುಳ್ಳೆಯನ್ನೂ ಹೊರತೆಗೆದ ಅವರಿಗೂ ಅವರ ತಂಡಕ್ಕೂ ನಾವು ಋಣಿಗಳು.

ಕಣ್ಣಿಗೆ ಹನಿ ಹಾಕಲು ಸರದಿಯಂತೆ ಬರುತ್ತಿದ್ದ ನೆರೆಮನೆಯ ಅಕ್ಕಂದಿರಿಗೂ ವಂದನೆಗಳು. ಗುಳ್ಳೆ ಅಲೆಯಾಡುವ ಆ ವಿಡಿಯೊವನ್ನು, ಹೆಸರು ತೆಗೆದು, ವಿದ್ಯಾರ್ಥಿಗಳ ಪಾಠಕ್ಕೆ ಬಳಸಬಹುದೇ ಎಂದು ವೈದ್ಯೆ ಕೇಳಿದ್ದರು. ಅಮ್ಮ ಸಂತೋಷದಿಂದಲೇ ಒಪ್ಪಿಗೆಯ ಸಹಿ ಹಾಕಿದ್ದಾರೆ.